ತಾರೀಖಿನ ಹಿರೇಮಠರು
ದಿಲ್ಲಿಯ ವಸಂತ್ ಕುಂಜ್‌ನ ಹಾಲಿನ ಬೂತಿನೆದುರು ನಿಂತರೆ ನಿವೃತ್ತ ಅಧಿಕಾರಿ ಹಿರೇಮಠರಿಗೆ ಹಳೆಯ ಬೆಳಗುಗಳೆಲ್ಲ ಮಂಜಿನೊಳಗಿಂದ ಒಟ್ಟಿಗೇ ನಡೆದುಬಂದಂತಾಗುತ್ತಿತ್ತು. ಸಾಲಿನಲ್ಲಿದ್ದವರಿಗೆ ಆ ತಾರೀಖಿನ ಇತಿಹಾಸ ಹೇಳದೆ ಅವರು ಎಂದೂ ಹಾಲು ಕೊಂಡವರಲ್ಲ. "ದಿಲ್ಲಿ ರಾಜಧಾನಿ ಅಂತ ಸಾರಿದ್ದು ಇದೇ ಡಿಸೆಂಬರ್ ಹನ್ನೆರಡಕ್ಕೆ. ತಂತಿಯಿಲ್ಲದೆ ರೇಡಿಯೋ ಸದ್ದು ಸಾಗರ ದಾಟಿದ್ದೂ ಇವತ್ತೇ!" ಎಂದು ಒಮ್ಮೆ ಅವರು ಕಣ್ಣು ಅರೆಮುಚ್ಚಿದಾಗ, ಕಾಲ್ ಸೆಂಟರ್ ಕ್ಯಾಬ್‌ನಿಂದ ಇಳಿದು ಬಂದ ನೆರೆಮನೆಯ ಅಪೂರ್ವ, "ಅಚ್ಛಾ ಅಂಕಲ್, ನಿಮ್ಮ ಬರ್ತ್‌ಡೇ ಯಾವತ್ತು?" ಎಂದಳು. ಹಿರೇಮಠರು ತಡವರಿಸಿದರು. "ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರೆದುಕೊಂಡ್ರಮ್ಮ. ನಿಜವಾದ ದಿನ ಅವ್ವನಿಗೂ ಗೊತ್ತಿರಲಿಲ್ಲ." "ಹಾಗಾದ್ರೆ ಇವತ್ತೇ ಇರಲಿ ಬಿಡಿ!" ಎಂದು ಅವಳು ನಕ್ಕಳು. ಹಿರೇಮಠರು ಪಾಯಸಕ್ಕೆಂದು ಇನ್ನೊಂದು ಪ್ಯಾಕೆಟ್ ಕೇಳಿದರು. ಹಾಲಿನವನು, "ಆಜ್ ಕ್ಯಾ ಹೈ, ಸಾಬ್?" ಎಂದು ಅವತ್ತಿನ ವಿಶೇಷ ಕೇಳಿದ. ಅವರು ಮಂಜಿನತ್ತ ನೋಡುತ್ತಾ ಮೆಲ್ಲಗೆ, ಕನ್ನಡದಲ್ಲೇ ಹೇಳಿದರು: "ಇವತ್ತು ನಾನು ಹುಟ್ಟಿದೆ."