ಬೂಟು ಬಿಚ್ಚಿಟ್ಟ ದಂಡನಾಯಕ

ಸ್ವೀಡನ್ನಿನ ನಮ್ಮ ಪುಟ್ಟ ಊರಲ್ಲಿ ಇವತ್ತಿಗೂ ಹಿಟ್ಲರನ ಹೆಸರು ಜಪಿಸುವ ಪಡೆಗೆ ಸ್ಟೂರೆಯೇ ದಂಡನಾಯಕ. ಆದರೆ ತಾಯಿ ಗುನ್ವೋರಳ ಹೊಸಿಲು ದಾಟಬೇಕಾದರೆ ಅವನೂ ಬೂಟು ಬಿಚ್ಚಲೇಬೇಕು. “ದೇಶ ಗೆಲ್ಲೋದು ಆಮೇಲೆ, ಮೊದ್ಲು ಕಾಲ್ಚೀಲದ ತೂತು ನೋಡ್ಕೊಳ್ರೋ!” ಎಂದು ರೇಗಿಸುತ್ತಲೇ ಆಕೆ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದಳು. ಒಂದು ಕಾಲಕ್ಕೆ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬೂಟುಗಳು. ಒಬ್ಬನಿಗೆ ಮದುವೆಯಾಯಿತು, ಇನ್ನೊಬ್ಬ ಜೈಲು ಸೇರಿದ, ಮಿಕ್ಕವರು ತಮ್ಮತಮ್ಮಲ್ಲೇ ಕಚ್ಚಾಡಿ ಚದುರಿದರು. ಕೊನೆಗೆ ಉಳಿದದ್ದು ಮಗನದೊಂದೇ ಜೋಡಿ. ಅದರ ಅಟ್ಟೆಯಲ್ಲಿ, ಇರಾಕಿನಿಂದ ಬಂದ ಜಬ್ಬಾರನ ರೊಟ್ಟಿಯಂಗಡಿಯ, ಹಿಂದಿನ ರಾತ್ರಿ ಪುಡಿಯಾಗಿದ್ದ ಕಿಟಕಿ ಗಾಜಿನ ಚೂರು ಕಂಡ ದಿನ ಆಕೆಯ ಬಾಯಿಗೆ ತಮಾಷೆ ಬರಲಿಲ್ಲ. “ಇದನ್ನ ಮೆಟ್ಕೊಂಡು ಹೋದ್ರೆ ವಾಪಸ್ ಬರ್ಬೇಡ, ಮಗಾ,” ಎಂದು ತೀರಿಹೋದ ಗಂಡನ ಉಣ್ಣೆಯ ಚಪ್ಪಲಿಯನ್ನು ಬೂಟಿನ ಪಕ್ಕಕ್ಕಿಟ್ಟಳು. ಐವತ್ತರ ದಂಡನಾಯಕ ಎರಡನ್ನೂ ನೋಡಿದ. ಆಮೇಲೆ ಅಪ್ಪನ ಚಪ್ಪಲಿಗೆ ಕಾಲು ತೂರಿಸಿ, “ಅಮ್ಮಾ, ಅಂಗಡಿ ಮುಂದೆ ಗಾಜು ಹಾಗೇ ಬಿದ್ದಿದೆ. ಪೊರಕೆ ಎಲ್ಲಿಟ್ಟಿದ್ದೀಯ?” ಎಂದ.