ಹಳ್ಳದಲ್ಲಿ ಜಮೀಲಾಬೀ ಗೇರು ಬಿಡಿಸಿದ್ದು

ಮಸ್ಕಿಯ ಜಮೀಲಾಬೀ ಬಳೆ ಮಾರುವವಳು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆಕೆ ಸಿಂಧನೂರು, ಲಿಂಗಸೂಗೂರಿನ ಸಂತೆಗಳಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದಳು. ಹಿಂದೆ ಕೂತರೆ ಕುಲುಕಾಟಕ್ಕೆ ಅರ್ಧ ಬುಟ್ಟಿ ಬಳೆ ಚೂರಾಗುತ್ತಿತ್ತು. ಹಾಗಾಗಿ ಡ್ರೈವರ್ ಜಂಗ್ಲಿಸಾಬನ ಪಕ್ಕದ ಸೀಟನ್ನು ಎಲ್ಲರೂ ಆಕೆಗೇ ಬಿಟ್ಟುಕೊಟ್ಟಿದ್ದರು. ಅವನ ಎಡಗಾಲು ಪೆಡಲಿನ ಮೇಲೆ ಇಳಿಯಿತೆಂದರೆ ಗಾಡಿ ಜಗ್ಗುತ್ತದೆಂದು ಆಕೆಗೆ ಗೊತ್ತು. ಬುಟ್ಟಿಯನ್ನು ತೊಡೆಯ ಮೇಲೆತ್ತಿ ಅವಚಿಕೊಳ್ಳುವಳು. ಗೇರಿನ ಕೋಲು ನಡುವೆ ಸಡಿಲಾಗಿ ತೂಗಾಡುವುದನ್ನು ಕಂಡು ಒಮ್ಮೆ ಇದೇನೆಂದು ಕೇಳಿದ್ದಳು.

“ನೂಟ್ರಲ್ ಅಂತಾರ. ಈಗ ಇಂಜಿನ್ನಿಗೂ ಗಾಲಿಗೂ ಮಾತುಕತಿ ಬಂದ್,” ಎಂದು ಜಂಗ್ಲಿಸಾಬ್ ನಕ್ಕಿದ್ದ.

ಒಂದು ಮಳೆಗಾಲದ ಮುಂಜಾನೆ ಲಿಂಗಸೂಗೂರಿನ ದಾರಿಯ ಹಳ್ಳದ ನಡುವೆ ಬಸ್ಸು ನಿಂತುಬಿಟ್ಟಿತು. ಮೊಣಕಾಲುದ್ದ ನೀರು. ಮೇಲೆಲ್ಲೋ ಮಳೆಯಾಗಿ ಹಳ್ಳ ಕೆಂಪಾಗುತ್ತಿತ್ತು. ಗಡಿಬಿಡಿಯಲ್ಲಿ ಜಂಗ್ಲಿಸಾಬ್ ಗೇರು ತೆಗೆಯದೆಯೇ ಇಳಿದು, ಇಂಜಿನ್ ಚಾಲೂ ಮಾಡಲು ಮುಂದಿನ ಹ್ಯಾಂಡಲ್ ತಿರುವಿದ. ಬಸ್ಸು ಗಕ್ಕನೆ ಒಂದು ಮೊಳ ಮುಂದೆ ಹಾರಿ ಮತ್ತೆ ನಿಂತಿತು. ಅವನು ಬಿದ್ದ, ಬಲಗಾಲು ಗಾಲಿಗೂ ಬಂಡೆಗೂ ನಡುವೆ ಸಿಕ್ಕಿಕೊಂಡಿತು.

ಗಂಡಸರೆಲ್ಲ ನೀರಿಗಿಳಿದು ಬಸ್ಸಿನ ಮೂತಿಗೆ ಹೆಗಲು ಕೊಟ್ಟು ಹಿಂದಕ್ಕೆ ನೂಕಿದರು. ಬಸ್ಸು ಕದಲಲಿಲ್ಲ. ನೀರು ಏರಿ, ಕಾಲು ಸಿಕ್ಕಿ ಕೂತವನ ಎದೆಗೆ ಬಂತು.

“ನೂಟ್ರಲ್ ಮಾಡ್ರಿ! ನೂಟ್ರಲ್!” ಎಂದು ಅವನು ಕೂಗಿದ.

ಗುರುಗುಂಟಾದ ಮುದುಕಪ್ಪ ಓಡಿಹೋಗಿ ರಿಪೇರಿ ಸಾಮಾನಿನ ಡಬ್ಬಿ ತಡಕಾಡಿದ. “ನೂಟ್ರಲ್ ಇದ್ರಾಗ ಇಲ್ಲೋ ಮಾರಾಯ! ಹೆಂಗಿರತೈತಿ ಅದು?”

ಜಮೀಲಾಬೀ ಬುಟ್ಟಿಯನ್ನು ಬದಿಗಿಟ್ಟು ಡ್ರೈವರ್ ಸೀಟಿಗೆ ಸರಿದಳು. ಕೋಲನ್ನು ಎಳೆದಳು, ಬರಲಿಲ್ಲ. ಅವನ ಎಡಗಾಲು ನೆನಪಾಯಿತು. ಒಂದು ಕಾಲಿನ ಬಲ ಸಾಲದೆ ಎರಡೂ ಪಾದ ಊರಿ ಆ ಪೆಡಲನ್ನು ಒತ್ತಿದಳು, ಮತ್ತೆ ಎಳೆದಳು. ಕೋಲು ಕಟ್ಟೆಂದು ನಡುವೆ ಬಂದು ತೂಗಾಡಿತು.

“ಈಗ ನೂಕ್ರಿ!”

ಬಸ್ಸು ಹಗುರಾಗಿ ಹಿಂದೆ ಸರಿಯಿತು. ಇಬ್ಬರು ಜಂಗ್ಲಿಸಾಬನನ್ನು ಎತ್ತಿ ದಡಕ್ಕೆ ಒಯ್ದರು. ಉಳಿದವರು ಆ ಹುರುಪಿನಲ್ಲೇ ಬಸ್ಸನ್ನೂ ಹಿಂದಿನ ದಡಕ್ಕೆ ನೂಕಿದರು. ಜಮೀಲಾಬೀ ಇಳಿಯಲಿಲ್ಲ. ಕಾಲು ತೆಗೆದರೆ ಏನಾಗುವುದೋ ಎಂದು ಪೆಡಲು ಒತ್ತಿಕೊಂಡೇ ಕೂತಿದ್ದಳು. “ಬಿಡಬೇ, ಸಾಕು,” ಎಂದು ಮುದುಕಪ್ಪ ಎರಡು ಸಲ ಹೇಳಬೇಕಾಯಿತು.

ಜಂಗ್ಲಿಸಾಬನ ಕಾಲಿನ ಎಲುಬು ಬಿರುಕು ಬಿಟ್ಟಿತ್ತು, ಮುರಿದಿರಲಿಲ್ಲ. ಎರಡು ತಿಂಗಳಿಗೆ ಅವನು ಕುಂಟುತ್ತ ಮರಳಿ ಬಂದ. ಮೊದಲ ದಿನವೇ ಮಸ್ಕಿಯಲ್ಲಿ ಬಸ್ಸು ನಿಲ್ಲಿಸಿಕೊಂಡು, ಹತ್ತಿದ ಒಬ್ಬೊಬ್ಬರನ್ನೂ ತನ್ನ ಸೀಟಿನಲ್ಲಿ ಕೂರಿಸಿ ಪೆಡಲು ಒತ್ತಿಸಿ ಕೋಲು ಎಳೆಸಿದ. ಮುದುಕಪ್ಪ ಮುಟ್ಟಲೂ ಹೆದರಿದ.

ಬಿಸಿಲು ಏರುತ್ತಿತ್ತು. “ಊರಿಗೆಲ್ಲ ಕಲಿಸಿ ಹೊಂಡೋದ್ರಾಗ ಸಂತಿ ಮುಗದಿರತೈತಿ. ನಡೀ ಇನ್ನ!” ಎಂದು ಜಮೀಲಾಬೀ ಗದರಿದಳು.