ನಸುಕಿನ ಎದೆನೋವು

ತೊಂಬತ್ತರ ದಶಕದ ಮಾತು. ನಮ್ಮೂರು ಅಕ್ಕೋಳದಲ್ಲಿ ಬಸದಿಗೆ ಹೋಗಿ ಬರುವ ತನಕ ಅಪ್ಪ ಬಾಯಿಗೆ ಹನಿ ನೀರೂ ಹಾಕುತ್ತಿರಲಿಲ್ಲ. ಅವತ್ತು ಪೂಜೆ ಮುಗಿಸಿ ಬಂದವರೇ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದರು. ಜೀಪಿನಲ್ಲಿ ನಿಪ್ಪಾಣಿಯ ದವಾಖಾನೆಗೆ ಒಯ್ದೆವು.

"ಹೃದಯದ ನರದಾಗ ರಕ್ತ ಹೆಪ್ಪುಗಟ್ಟೈತಿ. ಕರಗಿಸೋ ಔಷಧ ಐತಿ, ಆದ್ರ ತಡಾದಷ್ಟೂ ಹೃದಯ ಸಾಯ್ತೈತಿ. ನೋವು ಯಾವಾಗ ಸುರು ಆತು?" ಡಾಕ್ಟರು ಕೇಳಿದರು.

"ಒಂದ್ ತಾಸಾತ್ರಿ," ಎಂದೆ.

ಅಪ್ಪ ಕಣ್ಣು ತೆರೆದರು. "ಅಲ್ರಿ, ನಸುಕಿನ್ಯಾಗ. ಪೂಜಿ ಆಗ್ಲಿ ಅಂತ ಸುಮ್ಮನಿದ್ದೆ."

ನನಗೆ ಮೈಯೆಲ್ಲ ಉರಿಯಿತು. ಡಾಕ್ಟರು ತಡಮಾಡದೆ ಸಲಾಯಿನ್ ಹಚ್ಚಿ ಔಷಧ ಬಿಟ್ಟರು. ಕೂರಲಾಗದೆ, ನಿಲ್ಲಲಾಗದೆ, ಆ ಹನಿಗಳನ್ನೇ ನೋಡುತ್ತ ಮಂಚದ ಸುತ್ತ ತಿರುಗಿದೆ. ಇನ್ನೂ ಜೋರಾಗಿ ಬೀಳಬಾರದೇ ಅನಿಸುತ್ತಿತ್ತು.

ಅಪ್ಪ ಉಳಿದರು. ಅರ್ಧ ಹೃದಯ ಉಳಿಯಲಿಲ್ಲ. ನಮ್ಮ ಬಸದಿಗೆ ಏಳೇ ಮೆಟ್ಟಿಲು. ಅವನ್ನು ಅಪ್ಪ ಮತ್ತೆಂದೂ ಹತ್ತಲಿಲ್ಲ.